ಈ ಸೀಸನ್‌ನಲ್ಲಿ ಮೊದಲ ಸಲ ಫೆನ್ಸ್ ಹಾರಲಿರುವ ಕುದುರೆಗಳು: ಯಾವುದರ ಮೇಲೆ ಕಣ್ಣಿಡಬೇಕು?

ರೀಡಿಂಗ್_ರಾಯರು
ಎಲ್ಲರಿಗೂ ನಮಸ್ಕಾರ. ಅಕ್ಟೋಬರ್ ಬಂತು, 2025-26ರ ಜಂಪ್ ಸೀಸನ್‌ಗೆ ಕಾವು ಏರುತ್ತಿದೆ. ಇನ್ನು ಕೆಲವೇ ವಾರಗಳಲ್ಲಿ ದೊಡ್ಡ ಲಾಯಗಳ ಕುದುರೆಗಳು ಒಂದೊಂದಾಗಿ ಹೊರಗೆ ಬರುತ್ತವೆ. ಇಂಗ್ಲೆಂಡ್ ಮತ್ತು ಐರ್ಲೆಂಡಿನ ನೊವಿಸ್ ಚೇಸರ್‌ಗಳಲ್ಲಿ, ಅಂದರೆ ಫೆನ್ಸ್ ಓಟಕ್ಕೆ ಹೊಸದಾಗಿ ಬರುವ ಕುದುರೆಗಳಲ್ಲಿ, ನೀವು ಈ ವರ್ಷ ಯಾವುದರ ಹಿಂದೆ ಬೀಳುತ್ತೀರಿ?

ನನ್ನ ಐದು ಹೆಸರು ಮೊದಲೇ ಹೇಳಿಬಿಡುತ್ತೇನೆ. ಫೈನಲ್ ಡಿಮ್ಯಾಂಡ್, ಕೋಪೆಕ್ ದೆ ಬೋರ್ದ್, ಲುಲಾಂಬಾ, ರೋಮಿಯೋ ಕೂಲಿಯೋ, ದ ಬಿಗ್ ವೆಸ್ಟರ್ನರ್. ಇವುಗಳಲ್ಲಿ ಕೆಲವು ಚೇಸ್‌ಗೆ ಬರುವುದು ಇನ್ನೂ ನಿರೀಕ್ಷೆ ಅಷ್ಟೇ, ಕೊನೇ ಗಳಿಗೆಯಲ್ಲಿ ಟ್ರೈನರ್ ಮನಸ್ಸು ಬದಲಿಸಬಹುದು.

ಒಂದೇ ಒಂದು ಕೋರಿಕೆ. ಹೆಸರು ಹಾಕುವಾಗ ಕಾರಣ ಬರೆಯಿರಿ. "ಹರ್ಡಲ್‌ನಲ್ಲಿ ಗೆದ್ದಿತ್ತು" ಅನ್ನುವುದು ಸಾಲದು. ಬ್ಯಾಲಿಬರ್ನ್ ಅನ್ನುವ ಕುದುರೆ 2024ರಲ್ಲಿ ಚೆಲ್ಟನ್‌ಹ್ಯಾಮ್‌ನ ಮಾರ್ಚ್ ಹಬ್ಬದಲ್ಲಿ ನೊವಿಸ್ ಹರ್ಡಲ್ ಗೆದ್ದ ರೀತಿ ನೋಡಿ ಎಲ್ಲರೂ ಆ ಹಬ್ಬದ ದೊಡ್ಡ ಚೇಸ್ ಆದ ಗೋಲ್ಡ್ ಕಪ್ ಮುಂದೆ ಅದರದ್ದೇ ಅಂದಿದ್ದರು. ಮರುವರ್ಷ ಅದೇ ಮೈದಾನದಲ್ಲಿ ಬ್ರೌನ್ ಅಡ್ವೈಸರಿ ನೊವಿಸ್ ಚೇಸ್‌ನಲ್ಲಿ ಅದು ಹಿಂದೆ ಉಳಿಯಿತು. ಗೆದ್ದಿದ್ದು ಅದೇ ಲಾಯದ ಲೆಕ್ಕಿ ವಾಟ್ಸನ್, 20/1ರ ಬಾಜಿ ದರಕ್ಕೆ.

ಹೊಸಬ_ಹುಬ್ಳಿ
ನಾನು ಇದಕ್ಕೆ ಪೂರ್ತಿ ಹೊಸಬ. ಹರ್ಡಲ್ ಬೇರೆ, ಫೆನ್ಸ್ ಬೇರೆನಾ? ಎರಡೂ ಹಾರುವುದೇ ಅಲ್ವಾ?

ನಾಸ್_ನಿವಾಸಿ
ತುಂಬಾ ಬೇರೆ. ಹರ್ಡಲ್ ಅಂದರೆ ಮೂರೂವರೆ ಅಡಿ ಎತ್ತರದ ತಡಿಕೆ. ಕುದುರೆಯ ಕಾಲು ತಗುಲಿದರೆ ಅದು ಬಾಗುತ್ತದೆ, ಕುದುರೆ ಓಡುತ್ತಲೇ ಇರುತ್ತದೆ. ಸ್ಟೀಪಲ್‌ಚೇಸ್ ಫೆನ್ಸ್ ಕಡಿಮೆ ಅಂದರೂ ನಾಲ್ಕೂವರೆ ಅಡಿ, ಬರ್ಚ್ ಕಡ್ಡಿಗಳನ್ನು ಒತ್ತೊತ್ತಾಗಿ ಕಟ್ಟಿ ಮಾಡಿದ್ದು. ದಪ್ಪವೂ ಇರುತ್ತದೆ. ಕೆಲವು ಫೆನ್ಸ್‌ಗಳ ಮುಂದೆ ಹಳ್ಳ ಬೇರೆ. ಎರಡು ಮೈಲಿಯ ಓಟದಲ್ಲಿ ಕನಿಷ್ಠ 12 ಫೆನ್ಸ್ ಇರಬೇಕು, ಆಮೇಲೆ ಪ್ರತಿ ಮೈಲಿಗೂ 6.

ಹರ್ಡಲ್‌ನಲ್ಲಿ ಅರೆಬರೆ ಹಾರಿದರೂ ವೇಗದಿಂದ ಸರಿದೂಗಿಸಬಹುದು. ಫೆನ್ಸ್‌ನಲ್ಲಿ ಒಂದು ಸಲ ತಪ್ಪಿದರೆ ನಾಲ್ಕೈದು ಲೆಂತ್, ಅಂದರೆ ನಾಲ್ಕೈದು ಕುದುರೆಯುದ್ದ, ಕೈಬಿಟ್ಟುಹೋಗುತ್ತದೆ, ಕುದುರೆಯ ಧೈರ್ಯವೂ ಕುಗ್ಗುತ್ತದೆ. ರಾಯರು ಕಾರಣ ಕೇಳುತ್ತಿರುವುದು ಅದಕ್ಕೇ.

ಹೊಸಬ_ಹುಬ್ಳಿ
ಅರ್ಥ ಆಯಿತು, ಥ್ಯಾಂಕ್ಸ್. ನೊವಿಸ್ ಅಂದರೆ ಮೊದಲ ವರ್ಷದ ಕುದುರೆ ಅಂತಾನಾ?

ಅಂಕಿಅಂಶ_ಪ್ರಿಯ
ಸುಮಾರಾಗಿ ಹಾಗೇ. ಸರಿಯಾಗಿ ಹೇಳಬೇಕೆಂದರೆ, ಈ ಸೀಸನ್ ಶುರುವಾಗುವ ಮುಂಚೆ ಒಂದೂ ಚೇಸ್ ಗೆದ್ದಿರಬಾರದು. ಬ್ರಿಟನ್‌ನಲ್ಲಿ ಸೀಸನ್ ಏಪ್ರಿಲ್ ಕೊನೆಗೆ ಸ್ಯಾಂಡೌನ್‌ನಲ್ಲಿ ಮುಗಿಯುತ್ತದೆ. ಸರ್ ಜೀನೋ ವಿಷಯದಲ್ಲಿ ಇದೇ ದೊಡ್ಡ ಬೇಜಾರು. 2024ರ ಡಿಸೆಂಬರ್ 27ಕ್ಕೆ ಕೆಂಪ್ಟನ್‌ನಲ್ಲಿ ಮೊದಲ ಚೇಸ್‌ನಲ್ಲೇ ಬ್ಯಾಲಿಬರ್ನ್‌ನನ್ನು ಸೋಲಿಸಿತು. ಆಮೇಲೆ ಕಾಲಿಗೆ ಸೋಂಕು ತಗುಲಿ ಸೀಸನ್ನೇ ಮುಗಿದುಹೋಯಿತು. ಒಂದೇ ಒಂದು ಚೇಸ್ ಓಡಿದ್ದು, ಅದನ್ನು ಗೆದ್ದಿದ್ದರಿಂದ ಈ ವರ್ಷ ನೊವಿಸ್ ಅಲ್ಲ. ಚೇಸ್‌ಗೆ ವಾಪಸ್ ಬಂದರೆ ನೇರವಾಗಿ ದೊಡ್ಡವರ ಜೊತೆಗೇ ಓಡಬೇಕು.

ಮಲ್ಲೇಶ್ವರದ_ರೇಸ್‌ಪ್ರೇಮಿ
ಈ ನಿಯಮ ಸರಿಯಿಲ್ಲ ಅಂತ ನನ್ನ ಅಭಿಪ್ರಾಯ. ಒಂದು ಓಟದ ಅನುಭವಕ್ಕೆ ಹತ್ತು ಓಟದ ಅನುಭವದ ಜೊತೆ ಪೈಪೋಟಿ ಹಚ್ಚುವುದು ನ್ಯಾಯವಾ?

ಅಂಕಿಅಂಶ_ಪ್ರಿಯ
ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕಲ್ಲ ಸರ್. ಇಲ್ಲದಿದ್ದರೆ ಚೆನ್ನಾಗಿರುವ ಕುದುರೆಯನ್ನು ಎರಡು ವರ್ಷ ಬೇಕಂತಲೇ ನೊವಿಸ್ ರೇಸ್‌ಗಳಲ್ಲೇ ಇಟ್ಟುಕೊಂಡು ಕಪ್ ಬಾಚುತ್ತಾರೆ.

ಕುಡ್ಲದ_ಹುಡುಗ
ನಮ್ಮ ಕಂಬಳದಲ್ಲೂ ಹೀಗೇ ಉಂಟು ಮಾರಾಯ್ರೇ. ನೇಗಿಲು ಕಿರಿಯ, ನೇಗಿಲು ಹಿರಿಯ, ಹಗ್ಗ ಕಿರಿಯ, ಹಗ್ಗ ಹಿರಿಯ ಅಂತ ವಿಭಾಗ ಮಾಡಿರುತ್ತಾರೆ. ಕಿರಿಯದಲ್ಲಿ ಕೋಣಗಳ ಓಟ ನೋಡಿಯೇ ಮುಂದೆ ಯಾವುದು ಹಿರಿಯದಲ್ಲಿ ಮೆಡಲ್ ತರುತ್ತದೆ ಅಂತ ಊರಲ್ಲಿ ಚರ್ಚೆ. ನಾನು ಇಲ್ಲಿಗೆ ಬಂದಿದ್ದೇ ಆ ಕುತೂಹಲಕ್ಕೆ. ನಿಮ್ಮಲ್ಲಿ ಹೊಸ ಕುದುರೆ ನೋಡುವಾಗ ಮೊದಲು ಏನು ನೋಡುತ್ತೀರಿ?

ಎಕ್ಸೆಟರ್_ಹುಡುಗಿ
ಫೆನ್ಸ್ ಹತ್ತಿರ ಬಂದಾಗಿನ ಕೊನೆಯ ಮೂರು ಹೆಜ್ಜೆ. ಅದೊಂದೇ ನೋಡಿ ಸಾಕು.

ನಾನು ಇಂಗ್ಲೆಂಡಿನ ಎಕ್ಸೆಟರ್‌ನಲ್ಲಿ ಓದುತ್ತಿದ್ದೇನೆ. ಹಾಲ್ಡನ್ ಬೆಟ್ಟದ ಮೇಲಿನ ಎಕ್ಸೆಟರ್ ಮೈದಾನದಲ್ಲಿ ಫೆನ್ಸ್ ಪಕ್ಕದ ಬೇಲಿಗೆ ಒರಗಿ ನಿಲ್ಲಬಹುದು. ಟಿವಿಯಲ್ಲಿ ಎಲ್ಲಾ ಸಲೀಸಾಗಿ ಕಾಣುತ್ತದೆ. ಹತ್ತಿರದಿಂದ ನೋಡಿದರೆ ಗೊತ್ತಾಗುತ್ತದೆ. ಮೊದಲು ನೆಲ ಅದುರುತ್ತದೆ. ಜಾಕಿಗಳು ಕುದುರೆಯ ಜೊತೆ, ಪಕ್ಕದವನ ಜೊತೆ ಕೂಗಾಡುವುದು ಕೇಳಿಸುತ್ತದೆ. ಆಮೇಲೆ ಬರ್ಚ್ ಮೇಲೆ ಹೊಟ್ಟೆ ಸವರಿದ ಸರ್ರ್ ಅನ್ನುವ ಸದ್ದು, ಕಡ್ಡಿ ಚೂರುಗಳು ಹಾರಿ ಮುಖದವರೆಗೂ ಬರುತ್ತವೆ. ಅನುಭವ ಇಲ್ಲದ ಕುದುರೆ ದೂರ ಲೆಕ್ಕಕ್ಕೆ ಸಿಗದೆ ತಬ್ಬಿಬ್ಬಾಗಿ ಒಂದು ಹೆಜ್ಜೆ ಜಾಸ್ತಿ ಇಡುತ್ತದೆ, ಎದೆಯನ್ನೇ ಫೆನ್ಸ್‌ಗೆ ಗುದ್ದುತ್ತದೆ. ಜಾಣ ಕುದುರೆ ಅದೇ ಜಾಗದಲ್ಲಿ ಹೆಜ್ಜೆಯನ್ನು ಗಿಡ್ಡ ಮಾಡಿಕೊಂಡು, ಹಿಂಗಾಲು ಹೊಟ್ಟೆಯಡಿ ತಂದುಕೊಂಡು, ಚಿಮ್ಮಿ ಆಚೆ ಇಳಿಯುತ್ತದೆ. ಇಳಿದ ಕೂಡಲೇ ಓಟ ಮುಂದುವರಿಯಬೇಕು. ಆಚೆ ಇಳಿದು ತಡವರಿಸುವ ಕುದುರೆ ಪ್ರತಿ ಫೆನ್ಸ್‌ನಲ್ಲೂ ಅಷ್ಟಷ್ಟೇ ಸೋಲುತ್ತಿರುತ್ತದೆ.

ನಾಸ್_ನಿವಾಸಿ
ಇವರು ಹೇಳಿದ್ದು ನೂರಕ್ಕೆ ನೂರು ನಿಜ. ಜೊತೆಗೆ ಕುದುರೆ ಯಾವ ಕಡೆಗೆ ಸರಿಯುತ್ತದೆ ಅನ್ನುವುದನ್ನೂ ನೋಡಿ. ಚೆಲ್ಟನ್‌ಹ್ಯಾಮ್ ಎಡಕ್ಕೆ ತಿರುಗುವ ಮೈದಾನ, ಏರಿಳಿತ ಬೇರೆ. ಬಲಕ್ಕೆ ಸರಿದು ಹಾರುವ ಕುದುರೆ ಅಲ್ಲಿ ಪ್ರತಿ ಬೇಲಿಯಲ್ಲೂ ಜಾಗ ಕಳೆದುಕೊಳ್ಳುತ್ತದೆ. ಕೆಂಪ್ಟನ್, ಸ್ಯಾಂಡೌನ್ ಬಲಕ್ಕೆ ತಿರುಗುತ್ತವೆ. ಅಲ್ಲಿ ಮಿಂಚಿದ್ದು ಮಾರ್ಚ್‌ನಲ್ಲಿ ಚೆಲ್ಟನ್‌ಹ್ಯಾಮ್‌ನಲ್ಲಿ ಮಂಕಾಗುವುದಕ್ಕೆ ಎಷ್ಟೋ ಸಲ ಇದೇ ಕಾರಣ.

ರೀಡಿಂಗ್_ರಾಯರು
ಸ್ಯಾಂಡೌನ್ ಹೆಸರು ಬಂದಿದ್ದು ಒಳ್ಳೆಯದಾಯಿತು. ಅಲ್ಲಿ ರೈಲು ಹಳಿ ಪಕ್ಕದ ನೇರದಲ್ಲಿ ಒಂದರ ಹಿಂದೆ ಒಂದು ಮೂರು ಫೆನ್ಸ್ ಇವೆ. ಮೊದಲನೆಯದರಲ್ಲಿ ಲಯ ಸಿಕ್ಕಿದರೆ ಮೂರೂ ಸರಾಗ, ತಪ್ಪಿದರೆ ಮೂರೂ ತಪ್ಪು. ಡಿಸೆಂಬರ್ ಮೊದಲ ವಾರದ ಹೆನ್ರಿ ದಿ ಎಯ್ತ್ ನೊವಿಸ್ ಚೇಸ್ ನಡೆಯುವುದು ಅಲ್ಲೇ. ಹೊಸ ಕುದುರೆಯ ಬಗ್ಗೆ ಆ ಮೂರು ಫೆನ್ಸ್ ಹೇಳುವಷ್ಟು ಸತ್ಯ ಬೇರೆ ಎಲ್ಲೂ ಸಿಗುವುದಿಲ್ಲ.

ಅಂಕಿಅಂಶ_ಪ್ರಿಯ
ಸರಿ, ಈಗ ಹೆಸರುಗಳಿಗೆ ಬರೋಣ. ರಾಯರೇ, ನಿಮ್ಮ ಲುಲಾಂಬಾ ಬಗ್ಗೆ ನನ್ನ ತಕರಾರಿದೆ. ಒಳ್ಳೆಯ ಕುದುರೆ, ಒಪ್ಪುತ್ತೇನೆ. ಆದರೆ ಅದಕ್ಕೀಗ ನಾಲ್ಕೇ ವರ್ಷ. ಮಾರ್ಚ್‌ನಲ್ಲಿ ಚೆಲ್ಟನ್‌ಹ್ಯಾಮ್‌ನ ಎರಡು ಮೈಲಿಯ ನೊವಿಸ್ ಚೇಸ್ ಆದ ಆರ್ಕಲ್ ಓಡಿದರೆ ಐದು. 1999ರಲ್ಲಿ ಫ್ಲಾಗ್‌ಶಿಪ್ ಊಬರಾಲಿಸ್, 2004ರಲ್ಲಿ ವೆಲ್ ಚೀಫ್, 2006ರಲ್ಲಿ ವೋಯ್ ಪೋರ್ ಉಸ್ತೇದೆಸ್, ಇವು ಐದನೇ ವಯಸ್ಸಿನಲ್ಲಿ ಆರ್ಕಲ್ ಗೆದ್ದವು. 2006ರ ಈಚೆಗೆ ಐದು ವರ್ಷದ ಒಂದೇ ಒಂದು ಕುದುರೆಯೂ ಗೆದ್ದಿಲ್ಲ. ಒಂದೂ ಇಲ್ಲ. ಹೋದ ಮಾರ್ಚ್‌ನಲ್ಲಿ ಮಜ್‌ಬರೋ ಗೆದ್ದೇ ಗೆಲ್ಲುತ್ತದೆ ಅಂದರು. ಅದೂ ಐದು ವರ್ಷದ್ದೇ. ಕೊನೆಯಿಂದ ಎರಡನೇ ಫೆನ್ಸ್‌ನಲ್ಲಿ ಎಡವಟ್ಟು ಮಾಡಿಕೊಂಡು ಮೂರನೆಯದಾಯಿತು. ಗೆದ್ದ ಜಾಂಗೋ ಬೈ ಆರು ವರ್ಷದ್ದು.

ರೀಡಿಂಗ್_ರಾಯರು
ಅಂಕಿ ಸರಿ, ಆದರೆ ಅದರ ಅರ್ಥ ನೀವು ಹೇಳುವಷ್ಟು ಗಟ್ಟಿ ಅಲ್ಲ. ಐದು ವರ್ಷದ ಎಷ್ಟು ಕುದುರೆಗಳು ಆ ರೇಸ್‌ಗೆ ಬಂದಿದ್ದವು? ಬೆರಳೆಣಿಕೆಯಷ್ಟು. ನೂರಾರು ಬಂದು ಸೋತಿದ್ದರೆ ಬೇರೆ ಮಾತು. ಲುಲಾಂಬಾ ಫ್ರಾನ್ಸ್‌ನಿಂದ ಬಂದದ್ದು. ಅಲ್ಲಿ ಎಳೆ ವಯಸ್ಸಿಗೇ ಹಾರುವುದನ್ನು ಕಲಿಸುತ್ತಾರೆ. ಇನ್ನು ನಾಲ್ಕು ವರ್ಷದ ಕುದುರೆಗಳ ಟ್ರಯಂಫ್ ಹರ್ಡಲ್‌ನಲ್ಲಿ ಅದು ಸೋತಿದ್ದು 100/1ರ ಪೋನಿರೋಸ್‌ಗೆ, ಅದೂ ಕೂದಲೆಳೆಯಲ್ಲಿ. ಅದರ ಟ್ರೈನರ್ ನಿಕಿ ಹೆಂಡರ್ಸನ್ ಲಾಯದಲ್ಲಿ ಸ್ಪ್ರಿಂಟರ್ ಸಾಕ್ರೆ, ಆಲ್ಟಿಯೋರ್, ಶಿಶ್ಕಿನ್ ಪಳಗಿದ್ದನ್ನು ಮರೆಯಬೇಡಿ. ಎರಡು ಮೈಲಿಯ ನೊವಿಸ್ ಚೇಸರ್ ತಯಾರು ಮಾಡುವುದರಲ್ಲಿ ಇಂಗ್ಲೆಂಡಿನಲ್ಲಿ ಅವರ ಸಮ ಇಲ್ಲ.

ಅಂಕಿಅಂಶ_ಪ್ರಿಯ
ಸ್ಪ್ರಿಂಟರ್ ಸಾಕ್ರೆ ಆರ್ಕಲ್ ಗೆದ್ದಾಗ ಆರು. ಆಲ್ಟಿಯೋರ್ ಏಳು. ಶಿಶ್ಕಿನ್ ಏಳು. ನನ್ನ ಮಾತನ್ನು ನೀವೇ ಗಟ್ಟಿ ಮಾಡಿದಿರಿ.

ಕುದುರೆವೈದ್ಯೆ
ನಾನು ಪಶುವೈದ್ಯೆ. ವಯಸ್ಸಿನ ವಿಷಯಕ್ಕೆ ಎರಡು ಮಾತು. ಕುದುರೆಯ ಕಾಲಿನ ಮೂಳೆಗಳು ಬೇಗ ಬಲಿಯುತ್ತವೆ, ಆದರೆ ಬೆನ್ನುಮೂಳೆ ಬಲಿಯುವುದಕ್ಕೆ ಐದು ಆರು ವರ್ಷ ಬೇಕು. ಹಾರುವಾಗ ಚಿಮ್ಮುವ ಬಲ ಬರುವುದು ಹಿಂಭಾಗ ಮತ್ತು ಬೆನ್ನಿನಿಂದ. ಹಾಗಾಗಿ ನಾಲ್ಕರ ಕುದುರೆ ಹಾರಬಾರದು ಅಂತಲ್ಲ. ಅದು ಇವತ್ತು ತೋರಿಸುವುದಕ್ಕಿಂತ ಎರಡು ವರ್ಷದ ನಂತರ ಜಾಸ್ತಿ ತೋರಿಸುತ್ತದೆ, ಆದ್ದರಿಂದ ಮಿತವಾಗಿ ಓಡಿಸಬೇಕು. ಲುಲಾಂಬಾ ಈ ಸೀಸನ್‌ನಲ್ಲಿ ಕಡಿಮೆ ರೇಸ್ ಓಡಿದರೆ ನನಗೆ ಸಂತೋಷವೇ.

ಇನ್ನೊಂದು ವಿಷಯ. ರೇಸ್ ಪಟ್ಟಿಯಲ್ಲಿ ಕುದುರೆಯ ಹೆಸರಿನ ಪಕ್ಕ ಉಸಿರಾಟದ ಶಸ್ತ್ರಚಿಕಿತ್ಸೆಯ ಗುರುತು ಇದೆಯಾ ನೋಡಿ. ಬ್ರಿಟನ್‌ನಲ್ಲಿ 2018ರಿಂದ ಅದನ್ನು ಬಹಿರಂಗ ಮಾಡಲೇಬೇಕು. ಗಂಟಲಿನ ಸ್ನಾಯು ಸಡಿಲ ಇದ್ದು ಗೊರಗೊರ ಸದ್ದು ಮಾಡುವ ಕುದುರೆ ಕೊನೆಯ ಅರ್ಧ ಮೈಲಿಯಲ್ಲಿ ನಿಂತೇಬಿಡುತ್ತದೆ. ಜನ ಅದಕ್ಕೆ ಧೈರ್ಯ ಇಲ್ಲ ಅನ್ನುತ್ತಾರೆ, ಪಾಪ ಅದಕ್ಕೆ ಉಸಿರೇ ಸಿಗುತ್ತಿರುವುದಿಲ್ಲ. ಶಸ್ತ್ರಚಿಕಿತ್ಸೆ ಆದ ಮೇಲಿನ ಮೊದಲ ಓಟದಲ್ಲಿ ಬೇರೆಯದೇ ಕುದುರೆಯ ಹಾಗೆ ಓಡಬಹುದು.

ಮಲ್ಲೇಶ್ವರದ_ರೇಸ್‌ಪ್ರೇಮಿ
ಡಾಕ್ಟ್ರೇ, ತುಂಬಾ ಉಪಯೋಗದ ಮಾತು. ನಾವು ಬೆಂಗಳೂರಿನ ರೇಸ್‌ಕೋರ್ಸ್‌ನಲ್ಲಿ ಬೆಳೆದವರು. ಇಲ್ಲಿ ಎಲ್ಲಾ ಸಪಾಟು ನೆಲದ ಓಟ. ಡರ್ಬಿ ಅಂದರೆ ಎಳೆ ಕುದುರೆಗಳ ಆಟ, ಗೆದ್ದದ್ದು ಸಂತಾನಕ್ಕೆ ಹೋಗುತ್ತದೆ. ಜಂಪ್ ರೇಸಿಂಗ್ ನನಗೆ ಇಷ್ಟ ಆಗಿದ್ದೇ ಇದಕ್ಕೆ. ಇಲ್ಲಿ ಓಡುವ ಬಹುಪಾಲು ಬೀಜ ತೆಗೆಸಿದ ಗಂಡು ಕುದುರೆಗಳು. ಹಾಗಾಗಿ ಒಂದೇ ಕುದುರೆಯನ್ನು ವರ್ಷಗಟ್ಟಲೆ ನೋಡುತ್ತೀರಿ, ಮನೆಯವರ ಹಾಗೆ ಪರಿಚಯ ಆಗಿಬಿಡುತ್ತದೆ. ಸ್ಪ್ರಿಂಟರ್ ಸಾಕ್ರೆ 2013ರಲ್ಲಿ ಎರಡು ಮೈಲಿಯ ದೊಡ್ಡ ಓಟವಾದ ಚಾಂಪಿಯನ್ ಚೇಸ್ ಗೆದ್ದು, ಹೃದಯದ ತೊಂದರೆಯಿಂದ ಬಳಲಿ, 2016ರಲ್ಲಿ ಮತ್ತೆ ಗೆದ್ದಾಗ ನಾನು ಇಲ್ಲಿ ಟಿವಿ ಮುಂದೆ ಕೂತು ಅತ್ತುಬಿಟ್ಟೆ.

ನಾಸ್_ನಿವಾಸಿ
ಫೈನಲ್ ಡಿಮ್ಯಾಂಡ್ ಬಗ್ಗೆ ಯಾರೂ ಮಾತಾಡುತ್ತಿಲ್ಲವಲ್ಲ! ನನ್ನ ಪ್ರಕಾರ ಈ ವರ್ಷದ ನೊವಿಸ್‌ಗಳಲ್ಲಿ ಮೊದಲ ಹೆಸರು ಅದೇ. ಫೆಬ್ರುವರಿಯಲ್ಲಿ ಲೆಪರ್ಡ್ಸ್‌ಟೌನ್‌ನಲ್ಲಿ ಅದು ಗ್ರೇಡ್ 1, ಅಂದರೆ ಅತಿ ಮೇಲಿನ ದರ್ಜೆಯ ಹರ್ಡಲ್ ಗೆದ್ದಾಗ, ಓಟಕ್ಕೆ ಮುಂಚೆ ಕುದುರೆ ನಡೆಸುವ ಪ್ಯಾಡಕ್ ಪಕ್ಕದಲ್ಲೇ ನಾನು ಇದ್ದೆ. ಉದ್ದನೆಯ ಮೈ, ಅಗಲ ಎದೆ, ಹಿಂಭಾಗ ನೋಡಿದರೆ ಒಂದು ಬಾಗಿಲು ತುಂಬುವಷ್ಟು. ನಡಿಗೆಯಲ್ಲಿ ಸ್ವಲ್ಪವೂ ಅವಸರ ಇಲ್ಲ. ಆ ಮೈಕಟ್ಟಿಗೆ ಹರ್ಡಲ್ ಅನ್ನುವುದು ದಾರಿಯಲ್ಲಿ ಸಿಕ್ಕಿದ ಚಿಕ್ಕ ಅಡ್ಡಿ ಅಷ್ಟೇ. ಅಂಥದ್ದಕ್ಕೆ ಫೆನ್ಸ್ ಬೇಕು. ಚೆಲ್ಟನ್‌ಹ್ಯಾಮ್‌ನ ಟರ್ನರ್ಸ್ ಹರ್ಡಲ್‌ನಲ್ಲಿ ದ ನ್ಯೂ ಲಯನ್, ದ ಯೆಲ್ಲೋ ಕ್ಲೇ ಹಿಂದೆ ಮೂರನೆಯದಾಯಿತು ನಿಜ. ಆದರೆ ಆ ಮೂರರಲ್ಲಿ ಚೇಸರ್ ಅಂತ ಕಣ್ಣಿಗೆ ಹೊಡೆದು ಕಾಣುವುದು ಇದೊಂದೇ.

ರೀಡಿಂಗ್_ರಾಯರು
ಅದೇ ನನಗೂ ಮೊದಲ ಹೆಸರು. ಮೂರು ಮೈಲಿಗೂ ಹೋಗಬಲ್ಲದು, ಎರಡೂವರೆಗೂ ಸಾಲುವ ವೇಗ ಇದೆ.

ಎಕ್ಸೆಟರ್_ಹುಡುಗಿ
ದ ಯೆಲ್ಲೋ ಕ್ಲೇಯನ್ನು ಹಾಗೆ ಬದಿಗೆ ತಳ್ಳಬೇಡಿ ಅಣ್ಣ. ಗಾತ್ರ ಇಲ್ಲದಿರಬಹುದು. ಜನವರಿಯಲ್ಲಿ ನಿಮ್ಮ ಊರು ನಾಸ್‌ನಲ್ಲೇ ಲಾಲರ್ಸ್ ಗ್ರೇಡ್ 1 ಗೆದ್ದಿತು. ಟರ್ನರ್ಸ್‌ನಲ್ಲಿ ಫೈನಲ್ ಡಿಮ್ಯಾಂಡ್‌ಗಿಂತ ಮುಂದೆ ಬಂತು. ಮೈ ನೋಡಿ ಗೆಲ್ಲಿಸುವುದಾದರೆ ಓಡಿಸುವುದು ಯಾಕೆ?

ನಾಸ್_ನಿವಾಸಿ
ಗೆದ್ದಿದ್ದನ್ನು ನಾನೂ ನೋಡಿದ್ದೇನೆ ತಂಗಿ. ಗಟ್ಟಿ ಜೀವ, ಹೋರಾಡುತ್ತದೆ. ಆದರೆ ಗೋರ್ಡನ್ ಎಲಿಯಟ್ ಲಾಯದಿಂದ ಒಂದನ್ನೇ ಆರಿಸು ಅಂದರೆ ನಾನು ರೋಮಿಯೋ ಕೂಲಿಯೋ ಅನ್ನುತ್ತೇನೆ. ಚೆಲ್ಟನ್‌ಹ್ಯಾಮ್‌ನ ಎರಡು ಮೈಲಿಯ ನೊವಿಸ್ ಓಟವಾದ ಸುಪ್ರೀಂ ಹರ್ಡಲ್‌ನಲ್ಲಿ ಕೋಪೆಕ್ ಮತ್ತು ವಿಲಿಯಂ ಮನ್ನಿ ಹಿಂದೆ ಮೂರನೆಯದಾಯಿತು. ಸ್ಪ್ರಿಂಟರ್ ಸಾಕ್ರೆ ಕೂಡ 2011ರಲ್ಲಿ ಅದೇ ರೇಸ್‌ನಲ್ಲಿ ಮೂರನೆಯದು, ಮರುವರ್ಷ ಆರ್ಕಲ್‌ನಲ್ಲಿ ಅದರ ಹತ್ತಿರ ಸುಳಿಯುವವರೇ ಇರಲಿಲ್ಲ. ಸುಪ್ರೀಂನಲ್ಲಿ ಸೋತ ದೊಡ್ಡ ಕುದುರೆಗಳನ್ನು ಗುರುತು ಹಾಕಿಕೊಳ್ಳುವುದು ನನ್ನ ಹಳೇ ಅಭ್ಯಾಸ.

ಹೊಸಬ_ಹುಬ್ಳಿ
ಕಾನ್‌ಸ್ಟಿಟ್ಯೂಶನ್ ಹಿಲ್ ಅಂತ ಒಂದು ಕುದುರೆ ಬೀಳುವ ವಿಡಿಯೋ ಎಲ್ಲಾ ಕಡೆ ಓಡಾಡುತ್ತಿತ್ತು. ಅದನ್ನು ಚೇಸ್‌ಗೆ ಹಾಕಬೇಕು ಅಂತ ಯಾರೋ ಬರೆದಿದ್ದರು. ಹರ್ಡಲ್‌ನಲ್ಲೇ ಬೀಳುವುದು ಫೆನ್ಸ್ ಹಾರುತ್ತದಾ?

ಕುದುರೆವೈದ್ಯೆ
ಹರ್ಡಲ್ ಅನ್ನು ಕೇರ್ ಮಾಡದೆ ನುಗ್ಗುವ ಕುದುರೆಗೆ ದೊಡ್ಡ ಫೆನ್ಸ್ ಎದುರಾದಾಗ ಎಚ್ಚರ ಬರುತ್ತದೆ ಅನ್ನುವವರಿದ್ದಾರೆ. ಅದರಲ್ಲಿ ಸ್ವಲ್ಪ ನಿಜವೂ ಇದೆ. ಆದರೆ ಅದಕ್ಕೀಗ ಎಂಟು ವರ್ಷ. ಚಾಂಪಿಯನ್ ಹರ್ಡಲ್‌ನಲ್ಲಿ ಒಂದು ಸಲ, ಲಿವರ್‌ಪೂಲ್‌ನ ಏಂಟ್ರಿ ಮೈದಾನದಲ್ಲಿ ಇನ್ನೊಂದು ಸಲ ಬಿದ್ದಿದೆ. ಈ ವಯಸ್ಸಿನಲ್ಲಿ ಹೊಸ ಪಾಠ ಹೇಳಿಕೊಡುವುದಕ್ಕಿಂತ ಗೊತ್ತಿರುವ ಕೆಲಸದಲ್ಲಿ ನೆಮ್ಮದಿ ಕೊಡುವುದು ಮೇಲು.

ಅಂಕಿಅಂಶ_ಪ್ರಿಯ
ಉಲ್ಟಾ ಉದಾಹರಣೆಯೂ ಇದೆ. ಬ್ಯೂವೆರ್ ದೇರ್ 2016-17ರಲ್ಲಿ ನೊವಿಸ್ ಚೇಸರ್ ಆಗಿ ಶುರು ಮಾಡಿತು. ಹೆಂಡರ್ಸನ್ ನಡುವೆಯೇ ವಾಪಸ್ ಹರ್ಡಲ್‌ಗೆ ತಂದರು. ಆ ಮಾರ್ಚ್‌ನಲ್ಲೇ ಚಾಂಪಿಯನ್ ಹರ್ಡಲ್ ಗೆದ್ದಿತು.

ಕುಡ್ಲದ_ಹುಡುಗ
ಹರ್ಡಲ್ ಓಡದೆಯೇ ನೇರ ಫೆನ್ಸ್‌ಗೆ ಹೋಗುವ ಕುದುರೆ ಇಲ್ವಾ?

ನಾಸ್_ನಿವಾಸಿ
ಇದೆ! ಫ್ಯಾಕ್ಟ್ ಟು ಫೈಲ್. 2023ರ ಚಾಂಪಿಯನ್ ಬಂಪರ್‌ನಲ್ಲಿ, ಅಂದರೆ ಬೇಲಿಯೇ ಇಲ್ಲದ ಓಟದಲ್ಲಿ, ಎರಡನೆಯದಾಯಿತು. ಹರ್ಡಲ್ ಬಿಟ್ಟು ಸೀದಾ ಚೇಸ್‌ಗೆ ತಂದರು. 2024ರಲ್ಲಿ ಬ್ರೌನ್ ಅಡ್ವೈಸರಿ, 2025ರಲ್ಲಿ ರಯನೇರ್ ಚೇಸ್, ಎರಡನ್ನೂ ಗೆದ್ದಿತು. ಮೈಕಟ್ಟು ಚೇಸರ್‌ನದ್ದೇ ಆಗಿದ್ದರೆ ಹರ್ಡಲ್‌ನಲ್ಲಿ ಒಂದು ವರ್ಷ ಕಳೆಯುವುದು ಯಾಕೆ ಅನ್ನುವ ಪ್ರಶ್ನೆಗೆ ಅದೇ ಉತ್ತರ.

ಇಲ್ಲಿ ಐರ್ಲೆಂಡ್‌ನಲ್ಲಿ ಪಾಯಿಂಟ್-ಟು-ಪಾಯಿಂಟ್ ಅಂತ ಭಾನುವಾರ ಹೊಲಗಳಲ್ಲಿ ನಡೆಯುವ ರೇಸ್‌ಗಳಿವೆ. ಮಳೆ, ಕೆಸರು, ಟ್ರ್ಯಾಕ್ಟರ್ ನಿಂತ ಗದ್ದೆ, ಹವ್ಯಾಸಿ ಜಾಕಿಗಳು. ನಾಲ್ಕು ವರ್ಷದ ಕುದುರೆಗಳು ಮೂರು ಮೈಲಿ ಫೆನ್ಸ್ ಹಾರುತ್ತವೆ. ಚೆನ್ನಾಗಿ ಗೆದ್ದದ್ದು ಕೆಲವೇ ದಿನಗಳಲ್ಲಿ ಹರಾಜಿನಲ್ಲಿ ದೊಡ್ಡ ದುಡ್ಡಿಗೆ ಹೋಗುತ್ತದೆ. ಡೆನ್‌ಮನ್ ಕೂಡ ಹಾಗೇ ಬಂದದ್ದು. ಅಂಥ ಕುದುರೆಗಳು ಫೆನ್ಸ್ ಮುಂದೆ ಗಾಬರಿ ಬೀಳುವುದಿಲ್ಲ. ಆ ಅನುಭವ ಇರುವ ನೊವಿಸ್‌ಗೆ ನಾನು ಯಾವಾಗಲೂ ಒಂದು ಅಂಕ ಜಾಸ್ತಿ ಕೊಡುತ್ತೇನೆ.

ರೀಡಿಂಗ್_ರಾಯರು
ಡೆನ್‌ಮನ್ ಐರ್ಲೆಂಡಿನದ್ದು, ಪಕ್ಕದ ಲಾಯದಲ್ಲೇ ಇದ್ದ ಕೌಟೋ ಸ್ಟಾರ್ ಫ್ರಾನ್ಸ್‌ನದ್ದು. 2007ರ ಗೋಲ್ಡ್ ಕಪ್ ಕೌಟೋಗೆ, 2008 ಡೆನ್‌ಮನ್‌ಗೆ, 2009 ಮತ್ತೆ ಕೌಟೋಗೆ. ಎಲ್ಲಿ ಹುಟ್ಟಿತು ಅನ್ನುವುದಕ್ಕಿಂತ ಯಾರ ಕೈಯಲ್ಲಿ ಪಳಗಿತು ಅನ್ನುವುದು ಮುಖ್ಯ. ಪಾಲ್ ನಿಕೋಲ್ಸ್ ಎರಡನ್ನೂ ತಯಾರು ಮಾಡಿದರು.

ಮಲ್ಲೇಶ್ವರದ_ರೇಸ್‌ಪ್ರೇಮಿ
ದುಡ್ಡಿನ ಮಾತು ಬಂತಲ್ಲ, ಕಾಲ್ಡ್‌ವೆಲ್ ಪಾಟರ್ 2024ರಲ್ಲಿ 7,40,000 ಯೂರೋಗೆ ಹೋಯಿತು. ಮ್ಯಾಂಚೆಸ್ಟರ್ ಯುನೈಟೆಡ್‌ನ ಮಾಜಿ ಮ್ಯಾನೇಜರ್ ಅಲೆಕ್ಸ್ ಫರ್ಗುಸನ್ ಕೂಡ ಪಾಲುದಾರ. ಹೋದ ಚೆಲ್ಟನ್‌ಹ್ಯಾಮ್‌ನಲ್ಲಿ ನೊವಿಸ್ ಹ್ಯಾಂಡಿಕ್ಯಾಪ್, ಅಂದರೆ ಒಳ್ಳೆಯ ಕುದುರೆಗೆ ಹೆಚ್ಚು ತೂಕ ಹೊರಿಸುವ ಓಟ, ಗೆದ್ದಿತು. ಅಷ್ಟು ಬೆಲೆಗೆ ಅದು ಸಾಕಾ?

ಅಂಕಿಅಂಶ_ಪ್ರಿಯ
ಚೆಲ್ಟನ್‌ಹ್ಯಾಮ್‌ನಲ್ಲಿ ಗೆಲುವು ಅಂದರೆ ಗೆಲುವೇ ಸರ್. ಕೋಟಿಗಟ್ಟಲೆ ಕೊಟ್ಟು ತಂದ ಎಷ್ಟೋ ಕುದುರೆಗಳು ಆ ಮೈದಾನದ ಮುಖವನ್ನೇ ನೋಡುವುದಿಲ್ಲ.

ಪ್ರಾಣಿಪ್ರೀತಿ
ನೀವೆಲ್ಲಾ ಖುಷಿಯಿಂದ ಮಾತಾಡುತ್ತಿದ್ದೀರಿ. ನನಗೆ ಇದನ್ನು ನೋಡುವುದಕ್ಕೇ ಆಗುವುದಿಲ್ಲ. ಪ್ರತಿ ವರ್ಷ ಕುದುರೆಗಳು ಬಿದ್ದು ಸಾಯುತ್ತವೆ. ಅದರ ಬಗ್ಗೆ ಒಂದು ಮಾತೂ ಇಲ್ಲವಲ್ಲ?

ಎಕ್ಸೆಟರ್_ಹುಡುಗಿ
ಕೇಳಿದ್ದು ಸರಿಯಾಗಿದೆ. ಇದನ್ನು ಬಿಟ್ಟು ಈ ಆಟದ ಬಗ್ಗೆ ಮಾತಾಡುವುದು ಅರ್ಧ ಮಾತಾಡಿದ ಹಾಗೆ. ಬದಲಾವಣೆಗಳು ಆಗಿವೆ. ಮುಂಚೆ ಫೆನ್ಸ್ ಬುಡದ ಹಲಗೆ ಕಿತ್ತಳೆ ಬಣ್ಣದ್ದಿತ್ತು. ನಮ್ಮ ಎಕ್ಸೆಟರ್ ವಿಶ್ವವಿದ್ಯಾಲಯದವರೇ ಅಧ್ಯಯನ ಮಾಡಿ, ಕುದುರೆಗೆ ಕಿತ್ತಳೆ ಸರಿಯಾಗಿ ಕಾಣುವುದಿಲ್ಲ, ಹುಲ್ಲಿನಲ್ಲೇ ಬೆರೆತುಹೋಗುತ್ತದೆ ಅಂತ ತೋರಿಸಿದರು. ಈಗ ಬಿಳಿ ಮಾಡಿದ್ದಾರೆ. ಎಲ್ಲಿಂದ ಚಿಮ್ಮಬೇಕು ಅಂತ ಕುದುರೆಗೆ ದೂರದಿಂದಲೇ ಗೊತ್ತಾಗಲಿ ಅಂತ. ಗ್ರಾಂಡ್ ನ್ಯಾಷನಲ್‌ನಲ್ಲಿ 2024ರಿಂದ 40ರ ಬದಲು 34 ಕುದುರೆ, ಮೊದಲ ಫೆನ್ಸ್ ಅನ್ನು 60 ಗಜ ಹತ್ತಿರ ತಂದಿದ್ದಾರೆ. ವೇಗ ಏರುವ ಮುಂಚೆಯೇ ಹಾರಲಿ ಅನ್ನುವುದಕ್ಕೆ.

ಪ್ರಾಣಿಪ್ರೀತಿ
ಬಣ್ಣ ಬದಲಾಯಿಸಿದರೆ ಅಪಾಯ ಹೋಗುವುದಿಲ್ಲ. ಕಡಿಮೆ ಆಗಬಹುದು ಅಷ್ಟೇ. ನನ್ನ ಅಭಿಪ್ರಾಯ ಬದಲಾಗಿಲ್ಲ, ಆದರೆ ಉತ್ತರ ಕೊಟ್ಟಿದ್ದಕ್ಕೆ ಥ್ಯಾಂಕ್ಸ್.

ನಾಸ್_ನಿವಾಸಿ
ಸವಾರರ ಜೀವವೂ ಅಷ್ಟೇ. ಮೈಕಲ್ ಓ'ಸಲಿವನ್ ಫೆಬ್ರುವರಿಯಲ್ಲಿ ಥರ್ಲ್ಸ್‌ನಲ್ಲಿ ಬಿದ್ದು ತೀರಿಕೊಂಡಾಗ 24 ವರ್ಷ. 2023ರಲ್ಲಿ ಮರೀನ್ ನ್ಯಾಷನಲ್ ಮೇಲೆ ಸುಪ್ರೀಂ ಗೆದ್ದ ಹುಡುಗ. ಮರುತಿಂಗಳು ಅದೇ ಕುದುರೆ ಚಾಂಪಿಯನ್ ಚೇಸ್ ಗೆದ್ದಿತು. ಆ ಸಲದ ಸುಪ್ರೀಂ ರೇಸ್‌ಗೆ ಅವನ ಹೆಸರನ್ನೇ ಇಟ್ಟಿದ್ದರು, ಕೋಪೆಕ್ ಗೆದ್ದಿದ್ದು ಅದನ್ನೇ. ಇಲ್ಲಿ ಅಂಗಡಿ, ಬಸ್ಸು, ಎಲ್ಲೆಡೆ ಜನ ಅದನ್ನೇ ಮಾತಾಡುತ್ತಿದ್ದರು.

ಕುಡ್ಲದ_ಹುಡುಗ
ಓದಿ ಬೇಸರ ಆಯಿತು.

ಮಲ್ಲೇಶ್ವರದ_ರೇಸ್‌ಪ್ರೇಮಿ
ಹಾರುವ ಕುದುರೆಯ ವಿಷಯದಲ್ಲಿ ನಮ್ಮ ಬೆಂಗಳೂರಿಗೂ ಹೆಮ್ಮೆ ಇದೆ. ಫವಾದ್ ಮಿರ್ಜಾ ಇಲ್ಲಿನವರೇ. 2018ರ ಏಷ್ಯನ್ ಗೇಮ್ಸ್‌ನಲ್ಲಿ ಈವೆಂಟಿಂಗ್ ಅನ್ನುವ ಕುದುರೆ ಸವಾರಿ ಸ್ಪರ್ಧೆಯಲ್ಲಿ ಎರಡು ಬೆಳ್ಳಿ, ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಫೈನಲ್‌ವರೆಗೂ ಹೋಗಿ 23ನೇ ಸ್ಥಾನ. ಅದರ ಕ್ರಾಸ್‌ಕಂಟ್ರಿ ಭಾಗ ನೋಡಿದರೆ ಚೇಸ್ ನೋಡಿದ ಹಾಗೇ ಇರುತ್ತದೆ.

ಕುದುರೆವೈದ್ಯೆ
ಹಾರುವುದು ಒಂದೇ, ಒತ್ತಡ ಬೇರೆ ಸರ್. ಅಲ್ಲಿ ಕುದುರೆ ಒಂಟಿ, ಗಡಿಯಾರದ ಜೊತೆ ಓಡುತ್ತದೆ. ಇಲ್ಲಿ ಪಕ್ಕದಲ್ಲಿ ಹತ್ತು ಕುದುರೆ ಉಜ್ಜಾಡುತ್ತಿರುತ್ತವೆ. ಎದುರಿನ ಕುದುರೆ ಅಡ್ಡ ಬಂದರೆ ಫೆನ್ಸ್ ಕಾಣುವುದೇ ಕೊನೇ ಗಳಿಗೆಯಲ್ಲಿ. ಅದಕ್ಕೇ ಹೊಸ ಕುದುರೆಯನ್ನು ಬಹಳ ಜಾಕಿಗಳು ಹೊರಬದಿಯಲ್ಲಿ ಓಡಿಸುತ್ತಾರೆ. ದೂರ ಜಾಸ್ತಿ ಆದರೂ ನೋಟ ಸಿಗಲಿ ಅಂತ.

ನಿರ್ವಾಹಕ
ಮಧ್ಯದಲ್ಲಿ ಬಂದ ಬೆಟ್ಟಿಂಗ್ ಆ್ಯಪ್ ಲಿಂಕ್ ತೆಗೆದಿದ್ದೇನೆ. ಆನ್‌ಲೈನ್ ಹಣದ ಆಟಗಳ ಮೇಲೆ ಆಗಸ್ಟ್‌ನಲ್ಲಿ ಕೇಂದ್ರದ ಹೊಸ ಕಾನೂನು ಬಂದಿದೆ. ಕುದುರೆಯ ಬಗ್ಗೆ ಎಷ್ಟು ಬೇಕಾದರೂ ಮಾತಾಡಿ, ಬಾಜಿಯ ಲಿಂಕ್ ಬೇಡ.

ಅಂಕಿಅಂಶ_ಪ್ರಿಯ
ಒಳ್ಳೆಯ ಕೆಲಸ. ಈಗ ದ ಬಿಗ್ ವೆಸ್ಟರ್ನರ್. ರಾಯರ ಪಟ್ಟಿಯಲ್ಲಿ ನನಗೆ ಬಹಳ ಮೆಚ್ಚಿಗೆಯಾದದ್ದು ಇದೇ. ಚೆಲ್ಟನ್‌ಹ್ಯಾಮ್‌ನ ಆಲ್ಬರ್ಟ್ ಬಾರ್ಟ್ಲೆಟ್ ಹರ್ಡಲ್‌ನಲ್ಲಿ, ಮೂರು ಮೈಲಿಯ ಕಠಿಣ ಓಟದಲ್ಲಿ, ಗಂಡು ಕುದುರೆಗಳ ನಡುವೆ ಎರಡನೆಯದಾಯಿತು. ಹೆಣ್ಣು ಕುದುರೆ ಆದ್ದರಿಂದ 7 ಪೌಂಡ್ ತೂಕ ಕಡಿಮೆ ಹೊರುತ್ತದೆ. ಅದರ ಟ್ರೈನರ್ ಹೆನ್ರಿ ಡಿ ಬ್ರೋಮ್‌ಹೆಡ್ ಕೈಯಲ್ಲಿ ಪುಟ್ ದ ಕೆಟಲ್ ಆನ್ 2020ರಲ್ಲಿ ಆರ್ಕಲ್, 2021ರಲ್ಲಿ ಚಾಂಪಿಯನ್ ಚೇಸ್ ಗೆದ್ದಿತ್ತು, ಅದೂ ಹೆಣ್ಣು. ಅವರ ಕುದುರೆಗಳು ಫೆನ್ಸ್ ಹಾರುವ ರೀತಿಯೇ ಬೇರೆ. ಆಲ್ಬರ್ಟ್ ಬಾರ್ಟ್ಲೆಟ್‌ನಿಂದ ಬಂದ ಬಾಬ್ಸ್ ವರ್ತ್, ಮಿನೆಲ್ಲಾ ಇಂಡೋ ಇಬ್ಬರೂ ಮುಂದೆ ಗೋಲ್ಡ್ ಕಪ್ ಗೆದ್ದಿದ್ದಾರೆ.

ಎಕ್ಸೆಟರ್_ಹುಡುಗಿ
ಹಾಗಾದರೆ ಆ ರೇಸ್ ಗೆದ್ದ ಜಾಸ್ಮಿನ್ ದೆ ವೋ ಯಾಕೆ ಯಾರ ಪಟ್ಟಿಯಲ್ಲೂ ಇಲ್ಲ? 2024ರಲ್ಲಿ ಚಾಂಪಿಯನ್ ಬಂಪರ್ ಗೆದ್ದು ಟ್ರೈನರ್ ವಿಲ್ಲಿ ಮಲ್ಲಿನ್ಸ್‌ಗೆ ಚೆಲ್ಟನ್‌ಹ್ಯಾಮ್ ಹಬ್ಬದ 100ನೇ ಗೆಲುವು ತಂದುಕೊಟ್ಟ ಕುದುರೆ ಅದು!

ನಾಸ್_ನಿವಾಸಿ
ಜಿಗಿತ ನೋಡಿ. ಹರ್ಡಲ್‌ನಲ್ಲೇ ಅದು ಒಂದು ಸಲ ಎತ್ತರ, ಒಂದು ಸಲ ತಗ್ಗು. ನಿಮ್ಮದೇ ಮಾತು, ಕೊನೆಯ ಮೂರು ಹೆಜ್ಜೆ.

ಎಕ್ಸೆಟರ್_ಹುಡುಗಿ
ಹರ್ಡಲ್ ಜಿಗಿತ ನೋಡಿ ಫೆನ್ಸ್ ಜಿಗಿತ ಹೇಳಲಾಗದು ಅಂದದ್ದೂ ನೀವೇ ಅಲ್ವಾ ಅಣ್ಣ? ನಾನು ಅದನ್ನು ನನ್ನ ಪಟ್ಟಿಗೆ ಹಾಕಿಕೊಳ್ಳುತ್ತೇನೆ. ಮೊದಲ ಚೇಸ್ ನೋಡುವವರೆಗೂ ತೆಗೆಯುವುದಿಲ್ಲ.

ಹೊಸಬ_ಹುಬ್ಳಿ
ಕೋಪೆಕ್ ಬಗ್ಗೆ ಏನು? ಎಲ್ಲರೂ ಅದನ್ನೇ ನಂಬರ್ ಒನ್ ಅನ್ನುತ್ತಾರೆ.

ರೀಡಿಂಗ್_ರಾಯರು
ಸಾಮರ್ಥ್ಯದಲ್ಲಿ ಎರಡು ಮಾತಿಲ್ಲ. ಡಬ್ಲಿನ್ ರೇಸಿಂಗ್ ಹಬ್ಬದಲ್ಲಿ ಎದುರಾಳಿಗಳನ್ನು ಬಹಳ ಹಿಂದೆ ಬಿಟ್ಟು ಗೆದ್ದಿತು, ಆಮೇಲೆ ಸುಪ್ರೀಂ. ನನಗಿರುವ ಒಂದೇ ಅಳುಕು ಅದರ ಆತುರ. ಲಗಾಮು ಎಳೆದು ಎಳೆದು ಓಡುತ್ತದೆ. ಆ ಸ್ವಭಾವದ ಕುದುರೆ ಫೆನ್ಸ್ ಮುಂದೆ ಒಂದು ಕ್ಷಣ ತಾಳ್ಮೆ ತಂದುಕೊಂಡರೆ ಆರ್ಕಲ್ ಅದರದ್ದೇ. ತಾಳ್ಮೆ ಬಾರದಿದ್ದರೆ ಎಷ್ಟು ವೇಗ ಇದ್ದರೂ ಕಷ್ಟ. 2022ರಲ್ಲಿ ಗ್ಯಾಲೋಪಿನ್ ದೆ ಶಾಂ ನೊವಿಸ್ ಚೇಸ್‌ನಲ್ಲಿ ಹತ್ತು ಲೆಂತ್‌ಗೂ ಮುಂದಿದ್ದು ಕೊನೆಯ ಫೆನ್ಸ್ ದಾಟಿ ಇಳಿಯುವಾಗ ಮುಗ್ಗರಿಸಿ ಬಿದ್ದಿತ್ತು. ಬಾಬ್ ಒಲಿಂಜರ್‌ಗೆ ಗೆಲುವು ತಾನಾಗಿ ಸಿಕ್ಕಿತು.

ಮಲ್ಲೇಶ್ವರದ_ರೇಸ್‌ಪ್ರೇಮಿ
ಅದೇ ಗ್ಯಾಲೋಪಿನ್ 2023, 2024 ಎರಡೂ ಗೋಲ್ಡ್ ಕಪ್ ಗೆದ್ದಿತಲ್ಲ. ಒಂದು ಸಲ ಬಿದ್ದಿದ್ದಕ್ಕೆ ಕುದುರೆಯನ್ನು ಕೈಬಿಡಬೇಡಿ.

ಅಂಕಿಅಂಶ_ಪ್ರಿಯ
ಎಲ್ಲಾ ಮಲ್ಲಿನ್ಸ್, ಎಲಿಯಟ್ ಆಯಿತು. ಬ್ರಿಟನ್ನಿನ ಸಣ್ಣ ಲಾಯಗಳ ಹೆಸರು ಯಾರೂ ತೆಗೆಯಲಿಲ್ಲ. ನೈಜೆಲ್ ಟ್ವಿಸ್ಟನ್-ಡೇವಿಸ್ ಅವರ ಪಾಟರ್ಸ್ ಚಾರ್ಮ್ 2024ರ ಬಾಕ್ಸಿಂಗ್ ಡೇ, ಅಂದರೆ ಡಿಸೆಂಬರ್ 26ರಂದು, ಏಂಟ್ರಿಯಲ್ಲಿ ಗ್ರೇಡ್ 1 ಫಾರ್ಮ್‌ಬಿ ಹರ್ಡಲ್ ಗೆದ್ದಿತ್ತು. ಚೇಸ್‌ಗೆ ಬಂದರೆ ಅದರ ಮೇಲೆ ನನ್ನ ಕಣ್ಣಿರುತ್ತದೆ. ಹೋದ ಸಲ ರೆಬೆಕಾ ಕರ್ಟಿಸ್ ಅವರ ಹೇಟಿ ಕುಲರ್ ಬಗ್ಗೆ ಅಕ್ಟೋಬರ್‌ನಲ್ಲಿ ಯಾರು ಮಾತಾಡಿದ್ದರು? ಚೆಲ್ಟನ್‌ಹ್ಯಾಮ್‌ನಲ್ಲಿ ನ್ಯಾಷನಲ್ ಹಂಟ್ ಚೇಸ್ ಗೆದ್ದು, ಮರುತಿಂಗಳು ಐರಿಷ್ ಗ್ರಾಂಡ್ ನ್ಯಾಷನಲ್ಲೂ ಗೆದ್ದಿತು. ಎರಡೂ ನೊವಿಸ್ ಆಗಿರುವಾಗಲೇ.

ಕುಡ್ಲದ_ಹುಡುಗ
ಅಂದರೆ ದೊಡ್ಡ ಹೆಸರಿಲ್ಲದವನ್ನೂ ನೋಡಬೇಕು. ನಾನು ಪಾಟರ್ಸ್ ಚಾರ್ಮ್ ಹಿಡಿದುಕೊಂಡೆ.

ರೀಡಿಂಗ್_ರಾಯರು
ಚರ್ಚೆ ಓದಿ ನನ್ನ ಪಟ್ಟಿಯನ್ನು ಆರಕ್ಕೆ ಏರಿಸುತ್ತಿದ್ದೇನೆ. ಮೊದಲಿನ ಐದರ ಜೊತೆ ದ ಯೆಲ್ಲೋ ಕ್ಲೇ. ಎಕ್ಸೆಟರ್ ಅಮ್ಮಣ್ಣಿಯ ವಾದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ, ಮುಂದೆ ಬಂದದ್ದು ಮುಂದೆ ಬಂದದ್ದೇ. ಯಾರು ಯಾವ ಮೈದಾನಕ್ಕೆ ಹೋಗುತ್ತೀರೋ ಅಲ್ಲಿಂದ ಜಿಗಿತದ ಬಗ್ಗೆ ಇಲ್ಲೇ ಬರೆಯಿರಿ. ಫಲಿತಾಂಶ ಎಲ್ಲರಿಗೂ ಸಿಗುತ್ತದೆ. ಯಾವ ಫೆನ್ಸ್‌ನಲ್ಲಿ ತಡವರಿಸಿತು, ಯಾವ ಕಡೆಗೆ ಸರಿಯಿತು, ಗುರಿ ದಾಟಿದ ಮೇಲೆ ಎಷ್ಟು ಏದುಸಿರು ಬಿಡುತ್ತಿತ್ತು, ಇದು ಬೇಕು.

ನಾಸ್_ನಿವಾಸಿ
ನವೆಂಬರ್‌ನಲ್ಲಿ ಪಂಚ್‌ಸ್ಟೌನ್, ನವನ್ ಎರಡಕ್ಕೂ ಹೋಗುತ್ತೇನೆ. ಫೇರಿಹೌಸ್‌ನಲ್ಲಿ ಡ್ರಿನ್‌ಮೋರ್ ನೊವಿಸ್ ಚೇಸ್ ದಿನ ಖಂಡಿತ ಇರುತ್ತೇನೆ. ಬರೆಯುತ್ತೇನೆ.

ಎಕ್ಸೆಟರ್_ಹುಡುಗಿ
ಇಲ್ಲಿನದ್ದು ನನ್ನ ಜವಾಬ್ದಾರಿ. ಹೆಂಡರ್ಸನ್, ನಿಕೋಲ್ಸ್ ಇಬ್ಬರೂ ಹೊಸ ಚೇಸರ್‌ಗಳನ್ನು ಇಲ್ಲಿಗೆ ಕಳಿಸುತ್ತಾರೆ. ಲುಲಾಂಬಾ ಏನಾದರೂ ಇಲ್ಲಿಗೇ ಬಂದರೆ ಬೇಲಿ ಪಕ್ಕ ನಿಂತು ನೋಡುತ್ತೇನೆ.

ಅಂಕಿಅಂಶ_ಪ್ರಿಯ
ಬಂದು ಗೆದ್ದರೂ ನನ್ನ ಪ್ರಶ್ನೆ ಮಾರ್ಚ್ 10ಕ್ಕೇ. ಐದು ವರ್ಷ, ಆರ್ಕಲ್, 2006.

ರೀಡಿಂಗ್_ರಾಯರು
ಆ ದಿನ ಇಲ್ಲೇ ಸಿಗೋಣ.